ಉಡಚಮ್ಮನ ಮೊಳ

ಗುರುಮೂರ್ತಿಯವರು ಮೂವತ್ತೆರಡು ವರ್ಷ ಓವರ್‌ಸಿಯರ್ ಆಗಿದ್ದವರು. ಚರಂಡಿ, ಮೋರಿ, ಒಂದು ಬಸ್ ನಿಲ್ದಾಣ ಕಟ್ಟಿಸಿದ್ದರು, ಅಡಿಗೆಮನೆಗೆ ಮಾತ್ರ "ಕಾಫಿ ಆಯ್ತೇನೇ?" ಎಂದು ಕೇಳಲಷ್ಟೇ ಇಣುಕಿದವರು. ಇಂಥವರ ಕೈಗೆ ಸರಸ್ವತಿ ನಗರದ ಹನ್ನೆರಡು ಮನೆಯ ಹೆಂಗಸರು, ತಾವೆಲ್ಲ ಸೇರಿ ರೊಟ್ಟಿ ಮಾಡಿ ಮಾರುವ ಅಡಿಗೆಮನೆಯ ನಕ್ಷೆಯ ಕೆಲಸ ಒಪ್ಪಿಸಿದರು. ಸಾಹೇಬರು ತಮ್ಮ ಹೊಟ್ಟೆಗೇ ಟೇಪು ಹಿಡಿದು ಕಟ್ಟೆಯ ಎತ್ತರ ನಿಗದಿ ಮಾಡಿದರು.

ಕಟ್ಟೆ ಎದ್ದ ಮೇಲೆ ಆ ಹೆಂಗಸರಲ್ಲೊಬ್ಬಳಾದ ಉಡಚಮ್ಮ ಬಂದಳು. ಹರಿಹರದಲ್ಲಿ ಹುಟ್ಟಿ, ಮೂರನೇ ವರ್ಷಕ್ಕೇ ಪೋಲಿಯೊದಿಂದ ಕಾಲಿನ ಬಲ ಹೋಗಿ, ಮೂವತ್ತು ವರ್ಷ ಕಂಡವರ ಮದುವೆಗಳಲ್ಲಿ ರೊಟ್ಟಿ ತಟ್ಟಿದವಳು. ವಿದ್ಯಾನಗರದ ಹಾಸ್ಟೆಲಿನವರು ಕೇಳುತ್ತಿದ್ದದ್ದೂ ಅವಳ ರೊಟ್ಟಿಯನ್ನೇ. ಅವಳ ಗಾಲಿಕುರ್ಚಿ ಕಟ್ಟೆಗೆ ಬಡಿದು ನಿಂತಿತು. ಮೊಣಕಾಲಿಗೆ ಗೋಡೆ, ಗದ್ದಕ್ಕೆ ಕಲ್ಲು.

"ಸಾಹೇಬ್ರೇ, ಇದು ಅಡಿಗೆಮನೇನೋ ಕೋರ್ಟಿನ ಕಟಕಟೇನೋ?"

"ಹೋಗ್ಲಿ ಬಿಡಕ್ಕಾ, ಮೂಲ್ಯಾಗೆ ಕುಂತು ಉಳ್ಳಾಗಡ್ಡಿ ಹೆಚ್ಚು," ಎಂದು ಗುಂಪಿನ ನುಜತ್ ಸಮಾಧಾನ ಹೇಳಿದಳು.

ಉಡಚಮ್ಮ ನಗಲಿಲ್ಲ. "ಕಂಡೋರ ಮನೆ ಮೂಲೆ ಸಾಕಾಗೈತೆ. ನಮ್ಮದ್ರಾಗೂ ಮೂಲೇನಾ?"

ಗುರುಮೂರ್ತಿಯವರು ನಕ್ಷೆಯನ್ನು ತಲೆಕೆಳಗು ಮಾಡಿ ನೋಡಿದರು. ಹಾಗೆ ಮಾಡಿದರೂ ಕಟ್ಟೆ ತಗ್ಗಲಿಲ್ಲ.

"ನಿಮ್ಮ ಅಳತೆ ಹೇಳ್ರಿ. ಒಡೆಸಿ ಕಟ್ಟಿಸ್ತೀನಿ."

"ಹೇಳಾಕೆ ಬರಲ್ಲ. ಒಂದು ಹಿಡಿ ಹಿಟ್ಟು ಕೊಡ್ರಿ."

ಖಾಲಿ ನೆಲದ ನಡುವೆ ಕುರ್ಚಿ ನಿಲ್ಲಿಸಿ, ಒಂದು ಕೈ ಚಾಚಿ ಹಿಟ್ಟು ಉದುರಿಸುತ್ತ ಇನ್ನೊಂದರಿಂದ ಗಾಲಿ ತಿರುಗಿಸಿದಳು. ಸುತ್ತ ಬೆಳ್ಳಗೆ ಗೆರೆ ಬಿತ್ತು. "ಇಲ್ಲಿ ಹಿಟ್ಟು. ಇಲ್ಲಿ ತಟ್ಟೋ ಕಲ್ಲು. ಹಂಚು ಇಲ್ಲಿ, ಬುಟ್ಟಿ ಅಲ್ಲಿ. ಕೆಳಗೆ ಗೋಡೆ ಬ್ಯಾಡ, ನನ್ನ ಮೊಣಕಾಲು ಹೋಗ್ಬೇಕು." ಆಮೇಲೆ ಕಣ್ಣು ಮುಚ್ಚಿ ಗಾಳಿಯಲ್ಲೇ ರೊಟ್ಟಿ ತಟ್ಟತೊಡಗಿದಳು. ಕೈ ಒಂದು ಕಡೆಯೂ ತಡವರಿಸಲಿಲ್ಲ.

ಗುರುಮೂರ್ತಿಯವರು ಟೇಪು ಹಿಡಿದರು. ಹಿಟ್ಟಿನಿಂದ ಕಲ್ಲಿಗೆ ಅವಳ ಒಂದು ಮೊಳ. ಕಲ್ಲಿನಿಂದ ಹಂಚಿಗೆ ಒಂದು ಮೊಳ. ಹಂಚಿನಿಂದ ಬುಟ್ಟಿಗೂ ಅಷ್ಟೇ. ಟೇಪಿನ ಮೇಲೇ ಅನುಮಾನ ಬಂದು ಮತ್ತೆ ಅಳೆದರು. ಮೂವತ್ತು ವರ್ಷ ಕೈಗೆಟುಕದ ಒಂದೊಂದು ಸಾಮಾನಿಗೂ ಯಾರನ್ನೋ ಕೂಗಿ ಕರೆಯುತ್ತ, ಈ ಹೆಂಗಸು ತಲೆಯೊಳಗೆ ಈ ಅಡಿಗೆಮನೆ ಕಟ್ಟಿಕೊಂಡಿದ್ದಳು. ಅವರ ಬಸ್ ನಿಲ್ದಾಣಕ್ಕೆ ನಾಲ್ಕು ಸಲ ನಕ್ಷೆ ಬದಲಾಗಿತ್ತು, ಆದರೂ ಸೋರುತ್ತಿತ್ತು.

"ಎತ್ತರ, ತಾಯಿ?" ಧ್ವನಿ ತಗ್ಗಿತ್ತು.

"ಮೊಣಕೈಗಿಂತ ಕೆಳಗೆ. ರೊಟ್ಟಿ ಮೇಲೆ ಬೀಳಾದು ಕೈ ಬಲ ಅಲ್ರೀ, ಹೆಗಲಿನ ಬಲ."

ನುಜತ್ ಸದ್ದಿಲ್ಲದೆ ಪ್ಲಾಸ್ಟಿಕ್ ಕುರ್ಚಿ ಎಳೆದು ಗೆರೆಯೊಳಗೆ ಕೂತಳು. "ಅಕ್ಕಾ, ನನಗೂ ಹಿಂಗೇ ಆಗ್ಲಿ. ನಿಂತು ನಿಂತು ಸೊಂಟ ಹೋಗೈತೆ. ಹೇಳಾಕೆ ನಾಚಿಕೆ."

ಹೊಸ ನಕ್ಷೆ ನೋಡಿ ಗಾರೆ ಕೆಲಸದ ಹನುಮೇಶ್ ತಲೆ ಕೆರೆದ: "ಸಾರ್, 'ಉಡಚಮ್ಮನ ಮೊಳ' ಅಂತ ಬರ್ದೀರಿ. ಈ ಟೇಪು ಮಂಡಿಪೇಟೆ ಅಂಗಡಿಯಾಗೆ ಸಿಗ್ತೈತಾ?"

"ಸಿಗಲ್ಲಪ್ಪ. ಅವರನ್ನೇ ಕರಕೊಂಡು ಬರಬೇಕು."

ಹದಿನೈದು ದಿನಕ್ಕೆ ಗಾಲಿಕುರ್ಚಿ ಕಟ್ಟೆಯ ಕೆಳಗೆ ಸರಾಗ ಸರಿಯಿತು. ಮೊದಲ ರೊಟ್ಟಿ ಉಡಚಮ್ಮನ ಅಂಗೈ ಕೆಳಗೆ ಚಂದ್ರನಂತೆ ಅಗಲವಾಗುವುದನ್ನು ಬಾಗಿಲಲ್ಲಿ ನಿಂತ ಗುರುಮೂರ್ತಿಯವರು ನೋಡಿದರು. ಕಾಫಿ ಕೇಳುವುದೇ ಮರೆತುಹೋಯಿತು.