ಎಕ್ಕದ ಗಿಡಕ್ಕೆ ಕೊಡದ ಬಾಸಿಂಗ

ಹುಣಸೆ ಬೀಜದ ಹಿಟ್ಟು ಕುದಿಯುವಾಗ ಏಳುವ ಒಗರು ವಾಸನೆ ಶಿವಗಂಗವ್ವನಿಗೆ ತೊಟ್ಟಿಲಿನಿಂದಲೇ ಪರಿಚಯ. ಇಂಡಿ ಎಂಬ ಊರಿನ ತವರುಮನೆಯಲ್ಲಿ ಅಪ್ಪ ನಸುಕಿಗೇ ಎದ್ದು ಈ ಅಂಟು ಕಾಯಿಸುತ್ತಿದ್ದರು. ಮೂಗಿಗೆ ಆ ವಾಸನೆ ತಾಕಿತೆಂದರೆ ಊರಲ್ಲಿ ಯಾರದೋ ಮದುವೆ, ಇಲ್ಲವೇ ಮದುವೆಯಾಗದವರು ಯಾರೋ ತೀರಿಕೊಂಡಿದ್ದಾರೆ. ಅಪ್ಪ ಮಾತಾಡುತ್ತ ಕಲಕುತ್ತಿದ್ದರೆ ಮೊದಲನೆಯದು. ಮಾತಿಲ್ಲದೆ ಕಲಕುತ್ತಿದ್ದರೆ ಮಕ್ಕಳು ಕೌದಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು.

ಅದೇ ವಾಸನೆ ಈಗ ಪುಣೆಯ ಸದಾಶಿವ ಪೇಠದ ಹಳೇ ವಾಡೆಯೊಂದರ ಮಾಳಿಗೆಯಲ್ಲಿ ಏಳುತ್ತದೆ. ಕೆಳಗೆ ಕೋಚಿಂಗ್ ಕ್ಲಾಸಿನವರ ಸ್ಕೂಟರುಗಳು ಇನ್ನೂ ಬಂದಿಲ್ಲ. ಎಪ್ಪತ್ತು ದಾಟಿದ ಶಿವಗಂಗವ್ವ ಕಿಟಕಿಯ ಬಳಿ ಕೂತು ಬೆಂಡು ಸೀಳಿ, ಬಣ್ಣದ ಕಾಗದ ಮೆತ್ತಿ, ಮಣಿ ಪೋಣಿಸಿ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಾರೆ. ಮಾಡಿ ಮುಗಿಸಿದವನ್ನು ತೊಲೆಯ ಮೊಳೆಗಳಿಗೆ ತೂಗುಹಾಕುತ್ತಾರೆ. ಅರೆಬೆಳಕಿನಲ್ಲಿ ಅವು ಮುಖವಿಲ್ಲದ ವಧೂವರರ ಸಾಲಿನಂತೆ ಕಾಣುತ್ತವೆ. ಗಾಳಿ ಇಲ್ಲದಿದ್ದರೂ ಒಂದೊಂದು ಸಲ ಮಣಿಗಳು ಸಣ್ಣಗೆ ತಾಕಾಡುತ್ತವೆ. ಬಂದವರು ಬೆಚ್ಚಿ ನೋಡಿದರೆ ಶಿವಗಂಗವ್ವ ತಲೆ ಎತ್ತದೆಯೇ ಹೇಳುತ್ತಾರೆ:

"ಯಾರೋ ಅಳತಿ ನೋಡ್ಕೊಳ್ಳಾಕ ಬಂದಿರ್ತಾರ್ರಿ. ನೋಡ್ಲಿ ಬಿಡ್ರಿ, ನಮ್ದೇನ್ ಹೋಗ್ತದ?"

ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಗಂಡ ರಾಮಲಿಂಗಪ್ಪನವರ ಹಿಂದೆ ಈ ಊರಿಗೆ ಬಂದವರು. ಗಂಡ ಬೇಗ ತೀರಿಕೊಂಡರು. ಉಳಿದದ್ದು ತವರಿನ ಈ ಕಸುಬು. ಅಂಟು ತಿಂದು ತಿಂದು ಬೆರಳ ತುದಿಗಳು ನುಣ್ಣಗಾಗಿವೆ. "ಮದುವಿ ಮಂದಿ ಈಗ ಪ್ಲಾಸ್ಟಿಕ್ ಕಟ್ಕೊಂಡು ಫೋಟೋ ತಗಸ್ಕೋತಾರ. ಸತ್ತವರ ಮಂದಿ ಮಾತ್ರ ಇನ್ನೂ ನನ್ನ ಕಡೀನ ಬರ್ತಾರ" ಎನ್ನುತ್ತಾರೆ.

ಕೆಲವು ಮನೆತನಗಳಲ್ಲಿ ಮದುವೆಯಾಗದೆ ಸತ್ತವರನ್ನು ಹಾಗೇ ಕಳಿಸುವುದಿಲ್ಲ. ಹೆಣಕ್ಕೊಂದು, ಎಕ್ಕದ ಗಿಡಕ್ಕೊಂದು ಬಾಸಿಂಗ ಕಟ್ಟಿ, ಮದುವೆ ಮಾಡಿಸಿ, ಆಮೇಲೆ ಎತ್ತುತ್ತಾರೆ. ಆ ಜೋಡಿ ಮಾಡುವಾಗ ಶಿವಗಂಗವ್ವ ಕೆಂಪು ಕಾಗದ ಮುಟ್ಟುವುದಿಲ್ಲ. ಶುರು ಮಾಡುವ ಮೊದಲು ಅಪ್ಪ ಕಲಿಸಿದ ಪ್ರಶ್ನೆಯೊಂದನ್ನು ಕೇಳಲೇಬೇಕು: ಹೋದವರು ಎಂದಾದರೂ ಬಾಸಿಂಗ ಕಟ್ಟಿದ್ದರೇ? ಒಮ್ಮೆ ಕಟ್ಟಿದವರಿಗೆ ಮತ್ತೆ ಗಿಡದ ಗಂಟು ಹಾಕಿದರೆ ಅವರು ಒಳಗೂ ಬರಲಾರದೆ, ಆಚೆಗೂ ಹೋಗಲಾರದೆ ಹೊಸ್ತಿಲಲ್ಲೇ ನಿಂತುಬಿಡುತ್ತಾರಂತೆ.

ಹೋದ ಚಳಿಗಾಲದ ಒಂದು ನಸುಕು. ಮರದ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಕೇಳುತ್ತದೆ, ಒಳಗೆ ಬರುವುದು ಒಬ್ಬರೇ. ಪುಣೆ ಹತ್ತಿರದ ಸಾಸವಡದ ರೋಹಿತ. ಅಣ್ಣ ಸ್ವಪ್ನಿಲ್ ಹಿಂದಿನ ಸಂಜೆ ಎದೆನೋವಿನಿಂದ ತೀರಿಕೊಂಡಿದ್ದಾರೆ. ಐವತ್ತು ದಾಟಿದರೂ ಲಗ್ನವಿಲ್ಲ, ಎಕ್ಕದ ಜೋಡಿ ಬೇಕು, ಬೇಗ ಬೇಕು ಎಂದು ಮರಾಠಿಯಲ್ಲಿ ಹೇಳುತ್ತಾರೆ. ಶಿವಗಂಗವ್ವನವರ ಪ್ರಶ್ನೆಗೆ ಅವರ ಉತ್ತರ, "ಇಲ್ಲ ಆಜಿ, ಎಂದೂ ಕಟ್ಟಿಲ್ಲ."

"ಹೊರಗ ನಿಂತಾವ್ರು ಯಾರಪ?" ಶಿವಗಂಗವ್ವನವರ ಮರಾಠಿಯೂ ಇಂಡಿಯ ಕನ್ನಡದ ಹಾಗೇ ಇದೆ.

"ಅಣ್ಣನ ರೂಮ್ ಪಾರ್ಟ್‌ನರ್. ದಾರಿ ತೋರಿಸಲು ಬಂದರು."

ಬಾಗಿಲಾಚೆಯ ಕತ್ತಲಿಂದ ಮೈಸೂರು ಕಡೆಯ ಕನ್ನಡ ಬರುತ್ತದೆ. "ಅಜ್ಜಿ, ನಾನು ಶ್ರೀನಾಥ್ ಅಂತ. ಈ ಮನೆ ನಂಗೆ ಗೊತ್ತು. ಹಿಂದೆ ಸ್ವಪ್ನಿಲ್ ಜೊತೇಲೇ ಬಂದಿದ್ದೆ."

ಬೆಳಕಿಗೆ ಬಂದ ಶ್ರೀನಾಥರ ಕಣ್ಣನ್ನು ಶಿವಗಂಗವ್ವ ನೋಡುವುದಿಲ್ಲ, ಹಣೆ ನೋಡುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಇಬ್ಬರು ಹುಡುಗರು ಬಂದು ವರನ ಬಾಸಿಂಗ ಎರಡು ಕೇಳಿದ್ದರು. ದಾರ ಹಿಡಿದು ಇಬ್ಬರ ಹಣೆಯನ್ನೂ ಅಳೆದಿದ್ದವರು ಶಿವಗಂಗವ್ವನವರೇ. ಅಣ್ಣತಮ್ಮಂದಿರ ಮದುವೆ ಒಂದೇ ಹಂದರದಲ್ಲಿ ಎಂದುಕೊಂಡು, "ಹುಡುಗ್ಯಾರವು ಬ್ಯಾಡೇನಪ?" ಎಂದಿದ್ದರು. ಹುಡುಗರು ಮುಖ ಮುಖ ನೋಡಿಕೊಂಡು ನಕ್ಕಿದ್ದರು.

"ಆಗ ಇಬ್ರೂ ಹಾಲೆಂಡಲ್ಲಿ ಕೆಲಸದಲ್ಲಿದ್ವಿ, ರಜಕ್ಕೆ ಬಂದಿದ್ವಿ" ಎನ್ನುತ್ತಾರೆ ಶ್ರೀನಾಥ್. "ಗಂಡು ಗಂಡು ಮದ್ವೆ ಆಗ್ಬಹುದು ಅಂತ ಅಲ್ಲಿ ಕಾನೂನು ಬಂದಿದ್ದೇ ಹೊಸ್ದು. ಟೌನ್ ಹಾಲಲ್ಲಿ ನಿಮ್ ಬಾಸಿಂಗ ಕಟ್ಕೊಂಡೇ ಸೈನ್ ಹಾಕಿದ್ವಿ. ಆಫೀಸರಮ್ಮ ಮುಟ್ಟಿ ಮುಟ್ಟಿ ನೋಡಿದ್ರು."

ಆ ಊರಿನಲ್ಲಿ ಹಾಗೆ ಮದುವೆಯಾದ ಮೊದಲಿಗರಲ್ಲಿ ಅವರೂ ಒಂದು ಜೋಡಿ. ಪುಣೆಗೆ ಮರಳಿದ ಮೇಲೆ ಇಲ್ಲಿನ ಕಾನೂನಿಗೆ ಒಂದೇ ಫ್ಲಾಟಿನ ಇಬ್ಬರು ಗಂಡಸರು, ಅಷ್ಟೇ. ಆಸ್ಪತ್ರೆಯವರು ದೇಹವನ್ನು ಒಪ್ಪಿಸಿದ್ದೂ ತಮ್ಮನ ಕೈಗೇ.

"ಅದು ಲಗ್ನವಲ್ಲ ಆಜಿ, ಆ ದೇಶದ ತಮಾಷೆ. ನಮ್ಮವರಿಗೆ ನಾನೇನು ಹೇಳಲಿ?" ಕನ್ನಡ ಬಾರದಿದ್ದರೂ ಮಾತು ಯಾವುದರದೆಂದು ರೋಹಿತರಿಗೆ ತಿಳಿದಿದೆ.

"ತಮಾಷಿ ಇರ್ಬಹುದು. ಆದ್ರ ಬಾಸಿಂಗ ನನ್ನ ಕೈದು. ಅವ ಕಟ್ಕೊಂಡಾನ. ಗಿಡಕ್ಕ ನಾ ಕೊಡಂಗಿಲ್ಲ."

"ಬಜಾರಿನಲ್ಲಿ ಪ್ಲಾಸ್ಟಿಕ್‌ದು ಸಿಗುತ್ತದೆ."

"ಸಿಗ್ತದ, ಹೋಗಿ ತಗೋ. ನಿಮ್ಮಣ್ಣ ಇನ್ನ ಮ್ಯಾಲ ಯಾವ ಹೊಸ್ತಿಲಾಗ ನಿಂದ್ರತಾನ, ಅದನ್ನೂ ಬಜಾರದಾಗ ಕೇಳ್ಕೊಂಡ್ ಬಾ."

ತೊಲೆಯ ಮೇಲೆ ಮಣಿಗಳು ತಾಕಾಡುತ್ತವೆ. ಈ ಸಲ ಮೂವರಿಗೂ ಕೇಳಿಸುತ್ತದೆ. ರೋಹಿತ ಮೇಲೆ ನೋಡದೆ ಇಳಿದುಹೋಗುತ್ತಾರೆ. ಎಷ್ಟೋ ಹೊತ್ತು ಕೆಳಗೆ ಅವರ ಸ್ಕೂಟರು ಚಾಲೂ ಆಗುವುದಿಲ್ಲ. ಬೆಳಕು ಹರಿದ ಮೇಲೆ ಶಿವಗಂಗವ್ವ ಇಣುಕಿದರೆ, ರೋಹಿತ ಕಡಿದು ತಂದಿದ್ದ ಎಕ್ಕದ ಕೊಂಬೆ ವಾಡೆಯ ಗೋಡೆಗೆ ಒರಗಿ ನಿಂತಿದೆ, ಯಾರನ್ನೋ ಕಾಯುವ ಹಾಗೆ. ಅದರ ಹಾಲು ಇನ್ನೂ ತೊಟ್ಟಿಕ್ಕುತ್ತಿದೆ.

ಗಿಡದ ಮದುವೆ ನಡೆಯುವುದಿಲ್ಲ. ಹೆಗಲು ಕೊಡುವಾಗ ಶ್ರೀನಾಥರಿಗೆ ಯಾರೂ ಬಾ ಎನ್ನುವುದಿಲ್ಲ, ಬೇಡವೆಂದೂ ಎನ್ನುವುದಿಲ್ಲ. ಅವರು ಹೆಗಲು ಕೊಡುತ್ತಾರೆ.

ಇಳಿಹೊತ್ತಿಗೆ ಶಿವಗಂಗವ್ವ ಶ್ರೀನಾಥರ ಫ್ಲಾಟಿಗೆ ಹೋಗುತ್ತಾರೆ, ಬರಿಗೈಯಲ್ಲಿ. ನೆಂಟರೆಲ್ಲ ಸಾಸವಡಕ್ಕೆ ಹಿಂತಿರುಗಿದ್ದಾರೆ. ಒಲೆ ಹಚ್ಚಿಲ್ಲ. ಪಕ್ಕದ ಮನೆಯ ದೀಪಾಲಿ ಅನ್ನ ತರಲೇ ಎಂದರೆ ಶಿವಗಂಗವ್ವ ತಡೆಯುತ್ತಾರೆ. "ತಡಿಯವಾ. ಗಂಡನ್ನ ಕಳ್ಕೊಂಡವರಿಗೆ ಮೊದಲನೇ ತುತ್ತು ಅವನ ಕಡೀ ಬೀಗರ ಮನಿಂದ ಬರಬೇಕು. ಚೂರು ಕಾಯೋಣು."

ಇಲ್ಲಿಗೆ ಯಾವ ಬೀಗರು ಬಂದಾರು ಎಂದು ದೀಪಾಲಿ ಶಿವಗಂಗವ್ವನವರನ್ನು ಅನುಕಂಪದಿಂದ ನೋಡುತ್ತಾರೆ. ಖಾಲಿ ಕುರ್ಚಿಯೊಂದು ಇದ್ದಕ್ಕಿದ್ದ ಹಾಗೆ ಕಿರುಗುಡುತ್ತದೆ.

ಕತ್ತಲಾಗುವ ಮುಂಚೆ ಬಾಗಿಲು ಬಡಿದ ಸದ್ದು. ಶ್ರೀನಾಥ್ ಎದ್ದು ತೆರೆಯುತ್ತಾರೆ. ಹೊರಗೆ ರೋಹಿತ. ಕಣ್ಣೆತ್ತದೆ, ಎರಡೂ ಕೈಯಲ್ಲಿ, ಮನೆಯಿಂದ ತಂದ ಜೋಳದ ಭಾಕರಿ, ಕಡಲೆಹಿಟ್ಟಿನ ಪಿಠಲೆಯ ಬಿಸಿ ಡಬ್ಬಿಯನ್ನು ಮುಂದಕ್ಕೆ ಹಿಡಿಯುತ್ತಾರೆ.