ಡಿಂಪ್ನಾ ಲೋರ್ಡನ್ ಕಾರ್ಕ್‌ನಲ್ಲಿ ಉಳಿದುಕೊಂಡದ್ದು

ಡಿಂಪ್ನಾ ಲೋರ್ಡನ್ ಬಾಲಿನಾಕಿಲ್ ಹಳ್ಳಿಯ ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಕಿಟಕಿಯ ಹಿಂದೆ ಕೂತಿದ್ದವಳು. ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿಯೇ ಒಳಗಿರುವುದು ಮದುವೆ ಸುದ್ದಿಯೋ ಸಾವಿನ ಸುದ್ದಿಯೋ ಹೇಳಬಲ್ಲಳೆಂದು ಊರು ನಂಬಿತ್ತು, ಅವಳೂ ನಂಬಿದ್ದಳು. ಆದರೆ ಊರಿನ ಗುಟ್ಟು ಅವಳಿಗೆ ತಿಳಿದಷ್ಟೇ ಅವಳ ಗುಟ್ಟೂ ಊರಿಗೆ ತಿಳಿಯುತ್ತಿತ್ತು. ಒಮ್ಮೆ ಮದುವೆಯಾಗುವುದರಲ್ಲಿದ್ದಳು. ಆ ಸುದ್ದಿ ಹುಡುಗನಿಗಿಂತ ಎರಡು ದಿನ ಮೊದಲೇ ಊರಿಗೆ ಗೊತ್ತಾಗಿ, ಅವನು ಬೆದರಿ ಇಂಗ್ಲೆಂಡಿಗೆ ಹೋಗಿಬಿಟ್ಟ.

ನಿವೃತ್ತಿಯಾದ ವರ್ಷ, ಅಕ್ಟೋಬರಿನಲ್ಲಿ, ಕಣ್ಣಿನ ಡಾಕ್ಟರನ್ನು ಕಾಣಲು ಅವಳು ಕಾರ್ಕ್ ನಗರಕ್ಕೆ ಹೋಗಬೇಕಾಯಿತು. ಎರಡು ರಾತ್ರಿಯ ಮಾತು. ಉಳಿಯುವುದೆಲ್ಲಿ ಎಂಬುದೇ ದೊಡ್ಡ ತಲೆನೋವು.

ನಗರದಲ್ಲಿ ಅವಳ ಅಣ್ಣನ ಹೆಣ್ಣುಮಕ್ಕಳು ಇಬ್ಬರಿದ್ದರು. ದೊಡ್ಡವಳು ಗೊರೆಟ್ಟಿ, ನದಿಯ ಉತ್ತರಕ್ಕೆ ಗುಡ್ಡದ ಮೇಲೆ. ಚಿಕ್ಕವಳು ಅಸಂಪ್ಟಾ, ನದಿಯ ದಕ್ಷಿಣಕ್ಕೆ. ಅವರಿಬ್ಬರು ಮಾತು ಬಿಟ್ಟು ಒಂಬತ್ತು ವರ್ಷ. ಅಪ್ಪ ತೀರಿಹೋದ ತಿಂಗಳಿಗೆ ಚರ್ಚಿನಲ್ಲಿ ಬಲಿಪೂಜೆ ಮಾಡಿಸಿದ ದಿನ, ಅಸಂಪ್ಟಾ ಮಾಡಿ ತಂದ ಹಣ್ಣಿನ ಕೇಕನ್ನು ಗೊರೆಟ್ಟಿ ಹಿತ್ತಲಿನಲ್ಲಿ ನಾಯಿಗೆ ಹಾಕುವುದನ್ನು ಯಾರೋ ಕಂಡಿದ್ದರು. ಕೇಕು ಹಾಕಿದ್ದಕ್ಕಿಂತ, ನಾಯಿ ಮೂಸಿ ಹಾಗೇ ಬಿಟ್ಟು ಹೋಯಿತೆಂಬುದು ಅಸಂಪ್ಟಾಳ ಹೊಟ್ಟೆ ಉರಿಸಿತ್ತು.

ಗೊರೆಟ್ಟಿಯ ಮನೆಗೆ ಹೋದರೆ ಅವಳ ಪಿತ್ತಕೋಶದ ಕಥೆ ಮೊದಲಿನಿಂದ ಕೇಳಬೇಕು. ಅಸಂಪ್ಟಾಳ ಮನೆಯಲ್ಲಿ ಗಂಡನ ಅಕಾರ್ಡಿಯನ್. ಅದನ್ನಾದರೂ ತಡೆದುಕೊಳ್ಳಬಹುದು, ಆದರೆ ಒಬ್ಬಳ ಮನೆಯಲ್ಲಿ ಉಳಿದರೆ ಇನ್ನೊಬ್ಬಳು ಕ್ರಿಸ್‌ಮಸ್‌ವರೆಗೆ ಮುಖ ಊದಿಸಿಕೊಂಡಿರುತ್ತಾಳೆ. ಜೊತೆಗೆ ಡಿಂಪ್ನಾಳಿಗೆ ಯಾರಿಗೂ ಹೇಳದ ಆಸೆಯೊಂದಿತ್ತು. ಬದುಕಿನಲ್ಲಿ ಎರಡೇ ದಿನ, ತಾನು ಯಾರೆಂದು ಯಾರಿಗೂ ಗೊತ್ತಿಲ್ಲದ ಕಡೆ ಇರಬೇಕು.

ಹಾಗಾಗಿ ನದಿಯ ಎರಡು ಕವಲುಗಳ ನಡುವಿನ ಪೇಟೆಯಲ್ಲಿ, ಉತ್ತರಕ್ಕೂ ಸೇರದೆ ದಕ್ಷಿಣಕ್ಕೂ ಸೇರದೆ ಇದ್ದ ವಸತಿಗೃಹವೊಂದನ್ನು ಹುಡುಕಿದಳು. ಬುಧವಾರ ಸಂಜೆ ಬಸ್ಸಿಳಿದು ಹೋಗಿ, ರಿಜಿಸ್ಟರಿನಲ್ಲಿ ‘ಮಿಸೆಸ್ ಲೆಡ್ವಿಚ್, ಡಬ್ಲಿನ್’ ಎಂದು ಬರೆದಳು.

ಮನೆಯೊಡತಿ ಮಿಸೆಸ್ ಟೂಮಿ ಕನ್ನಡಕ ಏರಿಸಿಕೊಂಡು ಓದಿದಳು. “ಡಬ್ಲಿನ್ನೋರಾ? ಮಾತು ಕೇಳಿದ್ರೆ ಪಶ್ಚಿಮದ ಕಡೆಯೋರ ಹಾಗಿದೆಯಲ್ಲ!”

“ಚಿಕ್ಕೋಳಿದ್ದಾಗ ಆ ಕಡೆ ಇದ್ದೆ,” ಎಂದಳು ಡಿಂಪ್ನಾ.

“ಆ ಕಡೆ ಅಂದ್ರೆ ಎಲ್ಲಿ? ಡನ್‌ಮಾನ್‌ವೇ ದಾಟಿದ ಮೇಲಾ, ಈಚೇನಾ?”

“ದಾಟಿದ ಮೇಲೆ.”

“ಬಾಲಿನಾಕಿಲ್ ಹತ್ರಾನಾ? ಅಲ್ಲಿ ಪೋಸ್ಟಾಫೀಸಲ್ಲಿ ಒಬ್ಳು ಲೋರ್ಡನ್ ಇದ್ಳು. ಬಾಯಿ ಬಜಾರಿ ಅಂತಾರೆ. ನಿಮಗೆ ಗೊತ್ತಾ?”

“ಯಾರು ಹೇಳಿದ್ದು ಹಾಗಂತ?” ಎಂದು ಡಿಂಪ್ನಾ ಸಿಡಿದಳು. ಕೆಟ್ಟಿತು ಕೆಲಸ. ಮಿಸೆಸ್ ಟೂಮಿ ಮೆಲ್ಲಗೆ ಕನ್ನಡಕ ಇಳಿಸಿ, “ಟೀ ಕುಡೀತೀರಾ, ಮಿಸ್ ಲೋರ್ಡನ್?” ಎಂದಳು.

ಮಿಸೆಸ್ ಟೂಮಿ ವಾರವಾರ ಬಿಂಗೋ ಆಡಲು ಹೋಗುತ್ತಿದ್ದದ್ದು ಗೊರೆಟ್ಟಿಯ ಜೊತೆಗೇ. ಟೀ ಆರುವ ಮೊದಲೇ ಗೊರೆಟ್ಟಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪೆಟ್ಟಿಗೆ.

“ಅತ್ತೆ, ನಮ್ಮ ಮಾನ ಕಳೀಬೇಕು ಅಂತಾನೇ ಬಂದ್ರಾ? ನಾನು ಇನ್ನೂ ಬದುಕಿದೀನಿ, ನೀವು ದುಡ್ಡು ಕೊಟ್ಟು ಮಲಗೋದಾ? ನಡೀರಿ ಮನೆಗೆ.”

“ಬರಲ್ಲ ಕಣೇ.”

“ಬರಲ್ವಾ? ಹಾಗಾದ್ರೆ ನಾನೇ ಇಲ್ಲಿರ್ತೀನಿ. ಮಿಸೆಸ್ ಟೂಮಿ, ಪಕ್ಕದ ಕೋಣೆ ಖಾಲಿ ಇದೆಯಾ?”

ಇತ್ತು. ಅತ್ತ ಮನೆಯಲ್ಲಿ ಊಟವಿಲ್ಲದೆ ಉಳಿದ ಗೊರೆಟ್ಟಿಯ ಗಂಡ ತನ್ನ ಷಡ್ಡಕನಿಗೆ ಫೋನು ಮಾಡಿ ಗೋಳು ತೋಡಿಕೊಂಡ. ಹೆಂಡಿರು ಮಾತು ಬಿಟ್ಟರೂ ಗಂಡಂದಿರು ಬಿಟ್ಟಿರಲಿಲ್ಲ. ಹರ್ಲಿಂಗ್ ಪಂದ್ಯಕ್ಕೆ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಗುರುವಾರ ಬೆಳಗ್ಗೆ ಡಿಂಪ್ನಾ ತಿಂಡಿಗೆ ಇಳಿದು ಬಂದಾಗ ಮೇಜಿನ ಒಂದು ತುದಿಯಲ್ಲಿ ಗೊರೆಟ್ಟಿ, ಇನ್ನೊಂದು ತುದಿಯಲ್ಲಿ ಅಸಂಪ್ಟಾ. ಅಸಂಪ್ಟಾಳ ಪೆಟ್ಟಿಗೆ ಅವಳ ಕಾಲ ಬುಡದಲ್ಲೇ ಇತ್ತು. ಡಿಂಪ್ನಾ ತೆಪ್ಪಗೆ ನಡುವೆ ಕೂತಳು.

“ಅತ್ತೆ, ಆ ಹೆಂಗಸಿಗೆ ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳಿ,” ಎಂದಳು ಅಸಂಪ್ಟಾ.

“ಅತ್ತೆ, ಬೇಕಾದೋರಿಗೆ ಕೈ ಇದೆ ಅಂತ ಹೇಳಿ,” ಎಂದಳು ಗೊರೆಟ್ಟಿ.

ಡಿಂಪ್ನಾ ಉಪ್ಪಿನ ಡಬ್ಬಿಯನ್ನು ದಾಟಿಸಿದಳು. ಆಮೇಲೆ ಬೆಣ್ಣೆ. ಆಮೇಲೆ ಜ್ಯಾಮು. ನಿವೃತ್ತಿಯಾದರೂ ಬಟವಾಡೆ ತಪ್ಪಲಿಲ್ಲವಲ್ಲ ಎಂದುಕೊಂಡಳು.

ಅಷ್ಟರಲ್ಲಿ ಮಿಸೆಸ್ ಟೂಮಿ ಟೀ ತಂದಿಟ್ಟು ಒಳಗೆ ಹೋದಳು. ಕಾರ್ಕ್‌ನಲ್ಲಿ ಟೀ ಎಂದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಿರಬೇಕು. ಇದರಲ್ಲಿ ಕಪ್ಪಿನ ತಳದ ಗುಲಾಬಿ ಹೂವು ಎಸಳೆಸಳಾಗಿ ಕಾಣುತ್ತಿತ್ತು. ಅಸಂಪ್ಟಾ ಅದನ್ನೇ ಬಗ್ಗಿ ನೋಡಿದಳು. ಗೊರೆಟ್ಟಿಯೂ ನೋಡಿದಳು.

“ಇದಕ್ಕೆ ಟೀ ಪುಡಿ ಹಾಕಿದಾರಾ?” ಎಂದಳು ಅಸಂಪ್ಟಾ, ಯಾರಿಗೂ ಅಲ್ಲ ಎನ್ನುವಂತೆ.

“ಹಾಕಿಲ್ಲ ಕಣೇ. ಪೊಟ್ಟಣ ತೋರಿಸಿದಾಳೆ, ಅಷ್ಟೇ,” ಎಂದುಬಿಟ್ಟಳು ಗೊರೆಟ್ಟಿ.

ಅಸಂಪ್ಟಾ ನಕ್ಕಳು. ತಡೆಯಲು ಹೋಗಿ, ಬಾಯಲ್ಲಿದ್ದ ಬ್ರೆಡ್ಡು ನೆತ್ತಿಗೇರಿತು. ಗೊರೆಟ್ಟಿ ಎದ್ದು ಬಂದು ಅವಳ ಬೆನ್ನು ಗುದ್ದಿದಳು. ಒಂಬತ್ತು ವರ್ಷದ ಬಾಕಿಯೂ ಅದರಲ್ಲಿ ಸೇರಿತ್ತೋ ಏನೋ, ಬಲವಾಗಿಯೇ ಗುದ್ದಿದಳು. ಆಮೇಲೆ ಮೊಟ್ಟೆ, ಸಾಸೇಜು, ಕಿಟಕಿಯ ಪರದೆ, ಮಿಸೆಸ್ ಟೂಮಿಯ ಚಪ್ಪಲಿ, ಒಂದನ್ನೂ ಬಿಡಲಿಲ್ಲ ಇಬ್ಬರೂ. ಅತ್ತೆ ಕೋಟು ಹಾಕಿಕೊಂಡು ಹೊರಟದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಡಾಕ್ಟರು ಕಣ್ಣಿಗೆ ಹನಿ ಹಾಕಿ, ಮೂರು ನಾಲ್ಕು ಗಂಟೆ ಎಲ್ಲ ಮಂಜು ಮಂಜಾಗಿರುತ್ತದೆ, ಹುಷಾರು ಎಂದು ಹೇಳಿ ಕಳಿಸಿದರು. ಡಿಂಪ್ನಾ ಬೀದಿಗೆ ಬಂದಳು. ಮುಖಗಳೆಲ್ಲ ಬರೀ ಬೆಳಕಿನ ಉಂಡೆಗಳು. “ಡಿಂಪ್ನಾ! ನೀನಿಲ್ಲಿ?” ಎಂದು ಒಂದು ಉಂಡೆ ಕೂಗಿತು.

“ಯಾರೋ ಗೊತ್ತಾಗ್ಲಿಲ್ಲಪ್ಪ,” ಎಂದಳು ಅವಳು. ಆ ಮಾತನ್ನು ಪ್ರಾಮಾಣಿಕವಾಗಿ ಆಡಿದ್ದು ಬದುಕಿನಲ್ಲಿ ಅದೇ ಮೊದಲು. ಗೋಡೆ ಹಿಡಿದುಕೊಂಡು ನಡೆದಳು. ಮೀನಿನ ವಾಸನೆ ಹಿಡಿದು ಮಾರುಕಟ್ಟೆಯ ಒಳಹೊಕ್ಕು, ಬೆಂಚಿನ ಮೇಲೆ ಕೂತು, ಏನೆಂದು ಕಾಣದ ಬನ್ನೊಂದನ್ನು ತಿಂದಳು. ಶಾಂಡನ್ ಚರ್ಚಿನ ಗಂಟೆ ಎರಡು ಸಲ ಬಾರಿಸುವವರೆಗೂ ಅಲ್ಲೇ ಕೂತಿದ್ದಳು. ಅಷ್ಟು ಹಾಯಾಗಿ ಅವಳು ಯಾವತ್ತೂ ಕೂತಿರಲಿಲ್ಲ.

ಹಿಂತಿರುಗಿ ಬಂದರೆ ಅಕ್ಕತಂಗಿಯರು ಒಂದೇ ಮಂಚದ ಮೇಲೆ ಕಾಲು ಚಾಚಿ ಮಾತಾಡುತ್ತಿದ್ದರು. ಆ ರಾತ್ರಿಗೂ ಕೋಣೆ ಹಿಡಿದಾಗಿತ್ತು. ಶುಕ್ರವಾರ ಡಿಂಪ್ನಾ ಒಬ್ಬಳೇ ಬಸ್ಸು ಹತ್ತಿದಳು.

ಮುಂದಿನ ಅಕ್ಟೋಬರಿನಲ್ಲಿ ಗೊರೆಟ್ಟಿ ಮತ್ತು ಅಸಂಪ್ಟಾ ಮಿಸೆಸ್ ಟೂಮಿಯ ಮನೆಗೆ ಹೋಗಿ ಎರಡು ದಿನ ಇದ್ದು ಬಂದರು. ಅತ್ತೆಯನ್ನು ಕರೆಯಲಿಲ್ಲ. ಡಿಂಪ್ನಾಳಿಗೆ ಇದು ಸರಿಯಾಗಿ ನಾಟಿತು. “ಕರೆದಿದ್ರೆ ನಾನೇನು ಹೋಗ್ತಿರ್ಲಿಲ್ಲ. ಆದ್ರೂ ಒಂದು ಮಾತು ಕೇಳಬಾರದಿತ್ತಾ?” ಎಂದು ಅಂಚೆ ಕಚೇರಿಯ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದಳು. ಮನೆಗೆ ಬಂದವಳೇ ಮಿಸೆಸ್ ಟೂಮಿಗೆ ಫೋನು ಮಾಡಿ, ಇಬ್ಬರೂ ಏನು ತಿಂದರು, ಏನು ಮಾತಾಡಿದರು, ತನ್ನ ಹೆಸರು ಎಷ್ಟು ಸಲ ಬಂತು ಎಂದು ಮುಕ್ಕಾಲು ಗಂಟೆ ವಿಚಾರಿಸಿದಳು.