ಕಹಳೆಯ ಗಂಟಲಲ್ಲಿ ಎಲ್ಫ್‌ಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಆಕೆಯನ್ನು ನಾವೆಲ್ಲ ಕಹಳೆ ಎಂದೇ ಕರೆಯುತ್ತಿದ್ದೆವು. ಗೇಟಿನ ಮುಂದೆ ನಿಂತು ಒಂದು ಘೋಷಣೆ ಎತ್ತಿದರೆ ಮೇಲಿನ ಮಹಡಿಯ ಮ್ಯಾನೇಜರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮೈಕು ಕೊಟ್ಟರೆ, ಅದು ಗಂಟಲಿಲ್ಲದವರ ಸಾಮಾನು ಎಂದು ಪಕ್ಕಕ್ಕಿಡುತ್ತಿದ್ದಳು.

ಅಂಥವಳ ಗಂಟಲಲ್ಲೇ ಗಂಟು ಎದ್ದಿತು. ಡಾಕ್ಟರು ಕತ್ತರಿಸಿ ತೆಗೆದರು. ಕೆಟ್ಟ ಗಂಟಲ್ಲ, ಆದರೆ ದಿನಾ ಅಭ್ಯಾಸ ಮಾಡದಿದ್ದರೆ ದನಿ ಹೀಗೇ ಉಳಿದೀತು ಎಂದರು. ಹೀಗೇ ಎಂದರೆ, ತೂತು ಬಿದ್ದ ಸೈಕಲ್ ಟ್ಯೂಬಿನ ಹಾಗೆ. ಅಭ್ಯಾಸಕ್ಕೆ ಕೊಟ್ಟದ್ದು ಆ, ಈ, ಊ. ಮೇಕೆಯ ಹಾಗೆ ಅರಚಲು ನನ್ನಿಂದಾಗದು ಎಂದು ಕಹಳೆ ಅದನ್ನು ಕೈಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಇಸ್ತ್ರಿ ಕೋಣೆಗೆ ಫ್ಯಾನು ಹಾಕಿಸಿ ಎಂದು ಕೇಳಲು ನಮ್ಮ ಕಾರ್ಮಿಕ ಸಂಘ ಗೇಟ್ ಸಭೆ ಗೊತ್ತುಮಾಡಿತ್ತು. ಘೋಷಣೆ ಕೂಗಲು ನಾನು ಕರೆಯಹೋದರೆ, ಬೇರೆಯವರನ್ನು ನೋಡಿಕೋ ಎಂದು ಕೈಸನ್ನೆ ಮಾಡಿದಳು. ಲಾಠಿಗೆ ಬಗ್ಗದವಳು ಒಂದು ಕಡಲೆಕಾಳಿನಷ್ಟು ಗಂಟಿಗೆ ಬಗ್ಗಿದ್ದಳು.

ಅವಳನ್ನು ಎಬ್ಬಿಸಿದ್ದು ಸಂಘವಲ್ಲ, ಸೊಸೆ. ಮಕ್ಕಳಿಗೆ ಕಥೆ ಬರೆಯುವ ಹುಡುಗಿ ಅದು. ಆಗ ಎಲ್ಫ್‌ಗಳ ಕಥೆ ಹಿಡಿದಿದ್ದಳು. ಎಲ್ಫ್ ಎಂದರೆ ಕಾಡಿನಲ್ಲಿರುವ, ಚೂಪು ಕಿವಿಯ, ಮಾಯೆ ಬಲ್ಲ ಜನ. ಅವರ ಗಂಡಸರಿಗೆ ವೇಲ್ಸ್, ಐರ್ಲೆಂಡ್ ಕಡೆಯ ಹಳೇ ಕೆಲ್ಟಿಕ್ ಹೆಸರುಗಳೇ ಒಪ್ಪುತ್ತವೆ ಎಂದು ಅವಳ ಹಟ. ಈರುಳ್ಳಿ ಹೆಚ್ಚುತ್ತಾ ಒಂದೊಂದನ್ನೇ ಬಾಯಲ್ಲಿ ಹೊರಳಿಸಿ ನೋಡುತ್ತಿದ್ದಳು. ‘ಲ್ಲೆವೆಲಿನ್’ ಕೇಳಿದ್ದೇ ಅತ್ತೆ ಎದ್ದು ಬಂದು ಹುಬ್ಬೇರಿಸಿದಳು. ಮೊದಲ ಸದ್ದಿಗೆ ದನಿಯೇ ಬೇಡ, ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಪಕ್ಕದಿಂದ ಗಾಳಿ ಬಿಟ್ಟರಾಯಿತು ಎಂದು ಸೊಸೆ ತೋರಿಸಿಕೊಟ್ಟಳು.

"ಕಾದ ಇಸ್ತ್ರಿ ಮೇಲೆ ನೀರು ಬಿದ್ದಂಗೆ," ಎಂದು ಪಿಸುಗುಟ್ಟಿ ಕಹಳೆ ಒಮ್ಮೆ ಗಾಳಿ ಬಿಟ್ಟಳು. ಸೊಸೆಗಿಂತ ಚೆನ್ನಾಗಿ ಬಂತು.

ಅಲ್ಲಿಂದ ಹುಚ್ಚು ಹಿಡಿಯಿತು. ಗಾಳಿಯ ಹೆಸರಿನಿಂದ ದನಿಯ ಹೆಸರಿಗೆ ಬಂದಳು. ಗೆಥಿನ್ ಎಂದರೆ ಕಪ್ಪು ಮೈಯವನು ಅಂತ ತಿಳಿದು, ಎಲ್ಫ್‌ಗಳಿಗೆಲ್ಲ ಸುಣ್ಣ ಬಳಿಯುವುದು ಬೇಡ, ಇವನಿರಲಿ ಎಂದಳು. ಇಯೋರ್ವೆರ್ತ್‌ನನ್ನು ನಿಂತಲ್ಲೇ ವಜಾ ಮಾಡಿದಳು.

"ಮೇಲೆ ಮರ ಬೀಳ್ತಿದ್ರೆ ಇವನನ್ನ ಕರೆಯೋದು ಹೆಂಗೇ? ಹೆಸರು ಮುಗಿಯೋದ್ರಲ್ಲಿ ಅವನೇ ಮುಗಿದಿರ್ತಾನೆ."

"ಎಮ್ರಿಸ್ ಆಗಬಹುದಾ ಅತ್ತೆ? ಸಾವಿಲ್ಲದವನು ಅಂತ ಅರ್ಥ."

"ಸಾವಿಲ್ವಾ? ಪಿಂಚಣಿ ಆಫೀಸಿನವರು ಎದೆ ಬಡ್ಕೋತಾರೆ. ಇಟ್ಕೋ."

ಬಾಲ್ಕನಿಯಲ್ಲಿ ನಿಂತು ಕೂಗಿದಾಗ ಎದುರುಮನೆಯವರು ತಿರುಗಿ ನೋಡಿದರೆ ಮಾತ್ರ ಹೆಸರು ಪಾಸು ಎಂದು ಅತ್ತೆಯೇ ಕಾನೂನು ಮಾಡಿದಳು. ಮೊದಮೊದಲು ಬೆಕ್ಕೂ ತಿರುಗಲಿಲ್ಲ. ಆಮೇಲೆ ಬೆಕ್ಕು ತಿರುಗಿತು. ಕೊನೆಗೆ ಎದುರುಮನೆಯ ದರ್ಜಿ ಹೊಲಿಗೆ ನಿಲ್ಲಿಸಿ, ನಿಮ್ಮ ಎಮ್ರಿಸ್ ಮನೆಗೆ ಬರದಿದ್ದರೆ ನಾವೇ ಹುಡುಕಿ ತರುತ್ತೇವೆ, ದಯವಿಟ್ಟು ಸುಮ್ಮನಿರಿ ಎಂದ. ಅವಳಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಸಭೆಯ ದಿನ ಕಹಳೆ ಬಂದಳು. ಮೈಕು ಹಿಡಿದಿದ್ದ ನನ್ನನ್ನು ಮೊಣಕೈಯಿಂದ ತಳ್ಳಿ ಕಟ್ಟೆ ಹತ್ತಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ಒಗೆಯುವವರು, ಮಡಿಸುವವರು, ಗಾಡಿ ತಳ್ಳುವವರು ಎಲ್ಲರೂ ಕಟ್ಟೆಯ ಹತ್ತಿರಕ್ಕೆ ಒತ್ತಿಕೊಂಡು ಬಂದರು. ಆಗ ಅವಳು ಕಣ್ಣು ಮುಚ್ಚಿ, ಬಾಲ್ಕನಿಯಲ್ಲಿ ಪಳಗಿದ್ದ ಹೆಸರನ್ನೇ ಹಿಡಿದು ಎಳೆದಳು.

"ಎಮ್ರಿಸ್!"

ನಮ್ಮ ಜನಕ್ಕೆ ಅಭ್ಯಾಸಬಲ. ಅವಳು ಹೆಸರು ಕೂಗಿದ ಮೇಲೆ ಯಾರು, ಏನು ಅಂತ ಯೋಚಿಸಿದವರುಂಟೇ? ಇಡೀ ಲಾಂಡ್ರಿ ಒಂದೇ ಬಾಯಲ್ಲಿ "ಜಿಂದಾಬಾದ್!" ಎಂದಿತು.

ಕಹಳೆ ನಕ್ಕಳು. ನಗುವಿನ ಹಿಂದೆಯೇ ದನಿ ಬಂತು, ಸ್ವಲ್ಪ ಒರಟಾಗಿ, ಫ್ಯಾನಿನ ಬೇಡಿಕೆ ಇಡಿಯಾಗಿ ಹೊತ್ತುಕೊಂಡು. ಮೇಲೆ ಕಿಟಕಿ ಮುಚ್ಚಿದ ಸದ್ದು ಕೇಳಿ ನಾನು ಮೈಕಿನ ವೈರು ಸುತ್ತಿಟ್ಟೆ.

ಗೇಟಿನ ಕಾವಲುಗಾರ ನನ್ನ ಪಕ್ಕಕ್ಕೆ ಸರಿದು ಕೇಳಿದ: "ಯಾರ್ರೀ ಆ ಎಮ್ರಿಸ್ಸು? ಮೇಲಿನವರು ಕೇಳ್ತಾರೆ. ಹೊಸ ಲೀಡರ್ರಾ?"

"ಹೌದು," ಎಂದೆ. "ಕಾಡಿನ ಕಡೆಯವನು. ಸಾವಿಲ್ಲವಂತೆ ಅಂತ ಹೇಳಿಬಿಡು."